ತಮಟೆ ಯಾರ ಕೈಯಲ್ಲಿದೆ?

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಮಟೆ ಇತ್ತು. ಚರ್ಮ ಹರಿದು ಬರೀ ಬಳೆ ಉಳಿದಿತ್ತು. ಅಪ್ಪ ಅದನ್ನು ಕೆಳಕ್ಕೆ ಇಳಿಸಲೂ ಬಿಡುತ್ತಿರಲಿಲ್ಲ, ಒಲೆಗೆ ಹಾಕಲೂ ಬಿಡುತ್ತಿರಲಿಲ್ಲ. ನಮ್ಮ ವಂಶದಲ್ಲಿ ಡಿಗ್ರಿ ಅನ್ನೋ ಕಾಗದ ಹಿಡಿದವನು ನಾನೇ ಮೊದಲಿಗ. ಆ ಕಾಗದ ಕೈಗೆ ಬರುವ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ಕವಿತೆ ಓದುತ್ತೇನೆ ಅಂತ ಹೆಸರು ಕೊಟ್ಟಿದ್ದೆ. ಪಟ್ಟಿ ನೋಡಿದ ಒಬ್ಬರು ನಗುನಗುತ್ತಲೇ ಅಂದರು: "ಕವಿತೆ ಓದೋರು ಬೇಕಾದಷ್ಟು ಜನ ಇದಾರೆ ಕಣಯ್ಯ. ನಿಮ್ಮ ಕಡೆಯೋರು ತಮಟೆ ಚೆನ್ನಾಗಿ ಬಡೀತಾರಲ್ಲ, ನಾಲ್ಕು ಜನಾನ ಕರ್ಕೊಂಡು ಬಾ."

ಅವರ ಮಾತಿನಲ್ಲಿ ಕೆಟ್ಟದ್ದಿರಲಿಲ್ಲ. ಅದೇ ನನ್ನನ್ನು ಸುಟ್ಟದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ರಾತ್ರಿ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ತಮಟೆ ನಮ್ಮ ಕೈಗೆ ಹಾಕಿದ ಕೋಳ, ಅದನ್ನು ಮುಟ್ಟೋದೇ ಇಲ್ಲ ಅಂದೆ. ಅಪ್ಪ ಬೀಡಿ ಆರಿಸಿ ಒಂದೇ ಮಾತು ಹೇಳಿದ: "ಬಡಿಯೋಕೆ ಬರ್ದೆ ಬಡಿಯಲ್ಲ ಅನ್ನೋದು ಬ್ಯಾರೆ ಮಗ, ಬಂದೂ ಬಡಿಯಲ್ಲ ಅನ್ನೋದು ಬ್ಯಾರೆ. ನಿಮ್ಮ ತಾತನ ತಾವ ಕಲ್ತ್ಕೊ. ಆಮ್ಯಾಕೆ ಬ್ಯಾಡ ಅನ್ನು."

ಈ ಲೇಖನ ಆ ಕಲಿಕೆಯಿಂದ ಹುಟ್ಟಿದ್ದು. ತಾತನ ಹತ್ತಿರ ಕೈ ಕಲಿಯಿತು. ಕೈ ಕಲಿತದ್ದಕ್ಕೆ ಚರಿತ್ರೆ ಹುಡುಕಲು ಹೊರಟಾಗ, ತಮಟೆಯ ಚರಿತ್ರೆ ಅಂದರೆ ನಮ್ಮ ಕೂಲಿ, ನಮ್ಮ ಜಮೀನು, ನಮ್ಮ ಹೆಸರಿನ ಚರಿತ್ರೆ ಎಂದು ಗೊತ್ತಾಯಿತು.

*

ನಮ್ಮದು ಅನುಗೊಂಡನಹಳ್ಳಿ. ಹೊಸಕೋಟೆ ತಾಲೂಕಿನ ಹೋಬಳಿಗಳಲ್ಲಿ ಒಂದು. ಒಂದು ಕಡೆ ಮಾಲೂರು ಸೀಮೆ, ಒಂದು ಕಡೆ ಸರ್ಜಾಪುರದ ದಾರಿ, ಇನ್ನಷ್ಟು ದೂರ ಹೋದರೆ ಬಾಗಲೂರು, ಹೊಸೂರು, ತಮಿಳು ನಾಡು. ಮತ್ತೊಂದು ಕಡೆಯಿಂದ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳು ವರ್ಷಕ್ಕಿಷ್ಟು ಅಂತ ನಮ್ಮ ಹೊಲಗಳ ಕಡೆಗೆ ನಡಕೊಂಡು ಬರುತ್ತಿವೆ. ಇದು ಮೂರು ಭಾಷೆ ಬೆರೆತ ಸೀಮೆ. ಕನ್ನಡದಲ್ಲಿ ಬೈದು, ತೆಲುಗಿನಲ್ಲಿ ಹಾಡಿ, ತಮಿಳಿನಲ್ಲಿ ವ್ಯಾಪಾರ ಮಾಡುವ ಜನ ಇಲ್ಲಿದ್ದಾರೆ.

ತಮಟೆಗೂ ಹಾಗೇ ಹಲವು ಹೆಸರು. ನಾವು ತಮಟೆ ಅಂತೀವಿ, ತಪ್ಪಟೆ ಅನ್ನೋರೂ ಇದ್ದಾರೆ. ತೆಲುಗರಿಗೆ ಡಪ್ಪು, ತಮಿಳರಿಗೆ ಪರೈ, ಉತ್ತರ ಕರ್ನಾಟಕದವರಿಗೆ ಹಲಗೆ. ಆಕಾರದಲ್ಲಿ ಅಷ್ಟಿಷ್ಟು ವ್ಯತ್ಯಾಸ ಇರಬಹುದು. ಬಡಿಯುವ ಕೇರಿ ಮಾತ್ರ ಎಲ್ಲಾ ಕಡೆ ಒಂದೇ. ಊರಿನ ಆಚೆ ಇರೋ ಕೇರಿ.

*

ಮೊದಲು ತಮಟೆ ಅಂದರೆ ಏನು ಅನ್ನೋದನ್ನ ನೋಡೋಣ. ನಮ್ಮ ಮೇಷ್ಟ್ರುಗಳು ಶಾಲೆಯಲ್ಲಿ ವೀಣೆಯ ಭಾಗಗಳನ್ನು ಹೇಳಿಕೊಡುತ್ತಾರೆ. ತಮಟೆಯ ಭಾಗಗಳನ್ನು ಯಾರೂ ಹೇಳಿಕೊಟ್ಟಿಲ್ಲ.

ಹೆಚ್ಚು ಕಡಮೆ ಒಂದು ಮೊಳ ಅಗಲದ ಮರದ ಬಳೆ. ಬಳೆಯ ಪಟ್ಟಿ ನಾಲ್ಕು ಬೆರಳಿನಷ್ಟು. ಹಲಸು, ಬೇವಿನಂಥ ಮರದ ತುಂಡುಗಳನ್ನು ದುಂಡಗೆ ಕೆತ್ತಿ ಜೋಡಿಸಿ ಕಬ್ಬಿಣದ ಪಟ್ಟಿಯಿಂದ ಬಿಗಿಯುತ್ತಿದ್ದರು. ಈಗ ಹೆಚ್ಚಿನವು ಕಬ್ಬಿಣದ ಬಳೆಗಳೇ. ಒಂದು ಮಗ್ಗುಲಿಗೆ ಮಾತ್ರ ಚರ್ಮ, ಇನ್ನೊಂದು ಮಗ್ಗುಲು ಬಯಲು. ಚರ್ಮ ಎಳೆಗರುವಿನದೋ ಮೇಕೆಯದೋ ಆಗಬೇಕು. ಮುದಿ ದನದ ಚರ್ಮ ದಪ್ಪ, ದನಿ ಬರಲ್ಲ. ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಹೆರೆದು, ಒದ್ದೆ ಇರುವಾಗಲೇ ಬಳೆಯ ಮೇಲೆ ಎಳೆದು ಕೂರಿಸಬೇಕು. ಅಂಟಿಗೆ ಹುಣಸೆ ಬೀಜ. ಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಬೇಯಿಸಿದ ಸರಿ. ಆಮೇಲೆ ನೆರಳಲ್ಲಿ ಒಣಗಬೇಕು. ಅವಸರ ಮಾಡಿ ಬಿಸಿಲಿಗಿಟ್ಟರೆ ಅಂಚು ಬಿಡುತ್ತದೆ.

ಎಷ್ಟು ಕೆಲಸ ನೋಡಿ. ಮರದ ಗುಣ, ಚರ್ಮದ ಗುಣ, ಸುಣ್ಣದ ಹದ, ಅಂಟಿನ ಹದ, ಬೆಂಕಿಯ ಹದ. ಇಷ್ಟೆಲ್ಲಾ ತಿಳಿದವನನ್ನು ಈ ದೇಶ ದಡ್ಡ ಅಂತ ಕರೆಯಿತು. ಅವನು ಮಾಡಿದ್ದನ್ನು ಕೇಳಲು ಕಿವಿ ಕೊಟ್ಟಿತು, ಮುಟ್ಟಲು ಕೈ ಕೊಡಲಿಲ್ಲ.

ಬಡಿಯುವ ಮುಂಚೆ ಕಾಯಿಸಬೇಕು. ಒಣಹುಲ್ಲೋ ತೆಂಗಿನ ಗರಿಯೋ ಹಚ್ಚಿ, ಚರ್ಮದ ಮುಖವನ್ನು ಉರಿಗೆ ಹಿಡಿದು ತಿರುಗಿಸುತ್ತಾ ಇರಬೇಕು. ಚರ್ಮದಲ್ಲಿನ ತೇವ ಆರಿದಷ್ಟೂ ಅದು ಬಿಗಿಯುತ್ತದೆ, ಬಿಗಿದಷ್ಟೂ ದನಿ ಏರುತ್ತದೆ. ಮಳೆಗಾಲದಲ್ಲಿ ತಮಟೆ ಮಂಕಾಗೋದು ಇದಕ್ಕೇ. ಬೆರಳಲ್ಲಿ ಚಿಮ್ಮಿ ನೋಡಿದರೆ ಟಣ್ ಅನ್ನಬೇಕು. ನಾನು ಮೊದಲ ಸಲ ಕಾಯಿಸಿದಾಗ ಒಂದೇ ಕಡೆ ಹಿಡಿದು ಚರ್ಮ ಕರಕಲು ಮಾಡಿದೆ. ತಾತ ಬೈಯಲಿಲ್ಲ. "ಬೆಂಕಿ ತೋರ್ಸು ಅಂದ್ರೆ ಸುಡು ಅಂತಲ್ಲ ಮಗ" ಅಂದ.

*

ಇನ್ನು ಬಡಿಯೋದು.

ತಮಟೆಗೆ ಕಟ್ಟಿದ ಪಟ್ಟಿಯನ್ನು ಎಡ ಹೆಗಲಿಗೆ ಹಾಕಿಕೊಳ್ಳಬೇಕು. ಬಳೆ ಎಡ ಪಕ್ಕೆಗೂ ಸೊಂಟಕ್ಕೂ ಒರಗಿ ನಿಲ್ಲುತ್ತದೆ. ಎಡಗೈ ಬಳೆಯ ಮೇಲಂಚಿಗೆ ಆತುಕೊಂಡಿರುತ್ತದೆ. ಆ ಕೈಯಲ್ಲಿ ಉದ್ದದ, ತೆಳ್ಳಗಿನ, ಬಾಗುವ ಬಿದಿರು ಕಡ್ಡಿ. ಬಲಗೈಯಲ್ಲಿ ಗೇಣುದ್ದದ ದಪ್ಪ ಕೋಲು. ದಪ್ಪ ಕೋಲು ಕೆಳಗಿನಿಂದ ಬಂದು ಚರ್ಮದ ನಡುವಿಗೆ ಬೀಳಬೇಕು, ಅದರ ದನಿ ತುಂಬು ದನಿ: ಡಂ. ತೆಳ್ಳನೆ ಕಡ್ಡಿ ಮೇಲಿನಿಂದ ಚರ್ಮದ ಮೇಲೆ ಚಪ್ಪಟೆಯಾಗಿ ಬಿದ್ದು ಚಿಮ್ಮಬೇಕು, ಅದರ ದನಿ ಒಣ ದನಿ: ಟ. ಎರಡೂ ಒಟ್ಟಿಗೆ ಬಿದ್ದರೆ ಮೂರನೇ ದನಿ. ಈ ಮೂರರಲ್ಲೇ ಎಲ್ಲಾ ಇದೆ.

ಮೊದಲ ಪಾಠ ಬಲಗೈ ಒಂದೇ. ನಡಿಗೆಯ ಲೆಕ್ಕಕ್ಕೆ ಒಂದು ಹೆಜ್ಜೆಗೆ ಒಂದು ಏಟು. ನಿಂತು ಬಡಿಯಲು ತಾತ ಬಿಡಲಿಲ್ಲ, ನಡೆದುಕೊಂಡೇ ಕಲಿಯಬೇಕು ಅಂದ. ಎರಡನೇ ಪಾಠ ಎಡಗೈ. ಇದು ಕಷ್ಟ. ಕಡ್ಡಿಯನ್ನು ಹೆಬ್ಬೆರಳು ತೋರುಬೆರಳ ಸಂದಿಯಲ್ಲಿ ಸಡಿಲ ಹಿಡಿದು ಮಣಿಕಟ್ಟು ಮಾತ್ರ ಆಡಿಸಬೇಕು. ಮುಷ್ಟಿ ಬಿಗಿದರೆ ಸತ್ತ ದನಿ ಬರುತ್ತದೆ. ಮೂರನೇ ಪಾಠ ಎರಡೂ ಸೇರಿ: ಡಂ ಟ ಟ, ಡಂ ಟ ಟ. ಬಲಗೈ ಒಂದು, ಎಡಗೈ ಎರಡು. ಇದು ಕೈಗೆ ಕೂತಮೇಲೆ ಜಾಗ ಬದಲಾಯಿಸುತ್ತಾ ಹೋದರೆ ಜಣಕ ಜಣಕ ಹುಟ್ಟುತ್ತದೆ, ಕಾಲು ತಾನೇ ಎದ್ದು ಕುಣಿಯುತ್ತದೆ. ಒಂದೊಂದು ಬಡಿತದ ಕಟ್ಟಿಗೆ ವರಸೆ ಅನ್ನುತ್ತಾರೆ. ಮೇಳದಲ್ಲಿ ಒಬ್ಬ ವರಸೆ ಎತ್ತಿದರೆ ಮಿಕ್ಕವರು ಹಿಡಿಯಬೇಕು. ಬದಲಾಯಿಸುವಾಗ ಅವನು ಬಾಯಲ್ಲಿ ಹೇಳಲ್ಲ, ಎರಡು ಏಟು ಒತ್ತಿ ಬಡಿಯುತ್ತಾನೆ. ಉಳಿದವರ ಕಿವಿ ಅಲ್ಲೇ ಇರಬೇಕು.

ಸಾವಿಗೆ ಬೇರೆ ವರಸೆ, ಮದುವೆಗೆ ಬೇರೆ, ಊರಮ್ಮನ ಜಾತ್ರೆಗೆ ಬೇರೆ, ಹುಲಿವೇಷಕ್ಕೆ ಬೇರೆ. ಸಾವಿನ ಬಡಿತ ನಿಧಾನ, ನಡುನಡುವೆ ಖಾಲಿ ಬಿಟ್ಟು ಬಡಿಯುತ್ತಾರೆ. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಆ ಸದ್ದು ಕೇಳಿ ತಲೆ ಎತ್ತಿ "ಯಾರೋ ಹೋದ್ರು" ಅಂತಿದ್ದರು. ಸಾರು ಹಾಕುವುದಕ್ಕೆ, ಅಂದರೆ ಡಂಗುರಕ್ಕೆ, ಮತ್ತೊಂದು. ಬಿರುಸಾಗಿ ಬಡಿದು ಫಕ್ಕನೆ ನಿಲ್ಲಿಸೋದು, ಕೂಗಿ ಹೇಳೋದು, ಮತ್ತೆ ಬಡಿಯೋದು. ನಾಳೆ ಕೆರೆ ತೂಬು ಎತ್ತುತ್ತಾರೆ, ಕಂದಾಯ ಕಟ್ಟಬೇಕು, ಅಮ್ಮನ ಜಾತ್ರೆಗೆ ಊರು ಬಿಟ್ಟು ಹೋಗಬಾರದು. ಪತ್ರಿಕೆ ಇಲ್ಲದ, ರೇಡಿಯೋ ಇಲ್ಲದ ಕಾಲದಲ್ಲಿ ಊರಿಗೆ ಸುದ್ದಿ ಕೊಟ್ಟವನು ಊರೊಳಗೆ ಕಾಲಿಡಲು ಅಪ್ಪಣೆ ಕೇಳಬೇಕಿದ್ದವನು.

*

ಈಗ ಚರಿತ್ರೆ.

ತಮಿಳಿನಲ್ಲಿ ಪರೈ ಅಂದರೆ ವಾದ್ಯವೂ ಹೌದು, ಹೇಳು ಎಂಬ ಅರ್ಥವೂ ಇದೆ. ಮಲೆಯಾಳದಲ್ಲಿ ಇವತ್ತಿಗೂ ಹೇಳುವುದಕ್ಕೆ ಪರಯುಗ ಅಂತಾರೆ. ಹಳಗನ್ನಡದ ಪಱೆ ಅದೇ ವಾದ್ಯದ ಹೆಸರು. ಹಾಲು, ಹಾವು, ಹಲ್ಲುಗಳಲ್ಲಿ ಹಳೆಯ ಪಕಾರ ಹಕಾರವಾದ ಹಾಗೆ ಪಱೆ ಹರೆಯಾಯಿತು. ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಅರೆ ಅನ್ನೋ ವಾದ್ಯ ಇದೆಯಲ್ಲ, ಅದು ಈ ಮಾತಿನ ಮೊಮ್ಮಗ. ಅಂದರೆ ಈ ವಾದ್ಯ ಹುಟ್ಟಿದ್ದೇ ಮಾತಾಗಿ.

ತಮಿಳಿನ ಪುರಾತನ ಸಂಗ್ರಹ ಪುರನಾನೂರಿನ 335ನೇ ಪದ್ಯ ನಾಲ್ಕು ಕುಲಗಳ ಹೆಸರು ಹೇಳುತ್ತದೆ: ತುಡಿಯನ್, ಪಾಣನ್, ಪರೈಯನ್, ಕಡಂಬನ್. ತುಡಿ ಬಡಿಯುವವನು, ಹಾಡುವವನು, ಪರೈ ಬಡಿಯುವವನು. ಅಲ್ಲಿ ಅವರ ಹೆಸರಿನ ಮೇಲೆ ಮೈಲಿಗೆ ಇಲ್ಲ, ಇವರ ಹೊರತು ಬೇರೆ ಕುಲವಿಲ್ಲ ಅನ್ನುವ ಮಾನ ಇದೆ. ಸುಮಾರು ಸಾವಿರ ವರ್ಷದ ಹಿಂದೆ, ರಾಜರಾಜ ಚೋಳನ ತಂಜಾವೂರಿನ ದೊಡ್ಡ ದೇವಾಲಯದ ಶಾಸನಗಳಿಗೆ ಬಂದರೆ ಪರೈಚ್ಚೇರಿ ಕಾಣಿಸುತ್ತದೆ. ಅಂದರೆ ಅಷ್ಟು ಹೊತ್ತಿಗೆ ವಾದ್ಯದವನಿಗೆ ಬೇರೆ ಕೇರಿ ಕಟ್ಟಿ ಆಗಿತ್ತು. ಅದೇ ಚೋಳರು ನಮ್ಮ ಸೀಮೆಯನ್ನೂ ಆಳಿದರು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಹೊಸಕೋಟೆ ತಾಲೂಕಿನ ತಮಿಳು ಶಾಸನಗಳೂ ಇವೆ. ಇಂಗ್ಲಿಷರು ಬಂದ ಮೇಲೆ ಪರೈಯ ಅನ್ನೋ ಹೆಸರು ಸಮುದ್ರ ದಾಟಿ ಇಂಗ್ಲಿಷ್ ನಿಘಂಟಿಗೆ ಹೋಯಿತು. ಅಲ್ಲಿ ಅದರ ಅರ್ಥ ಬಹಿಷ್ಕೃತ. ಹೇಳುವವನು ಎಂಬ ಅರ್ಥದ ಹೆಸರು ಲೋಕಕ್ಕೆಲ್ಲ ಹೊರಗಿನವನು ಎಂಬ ಅರ್ಥ ಕೊಡುವಂತಾಯಿತು.

ಇನ್ನು ಕನ್ನಡ. ನಮ್ಮ ಶಾಸನ ಓದಿದವರಿಗೆ "ಸಮಧಿಗತ ಪಂಚಮಹಾಶಬ್ದ" ಎಂಬ ಬಿರುದು ಗೊತ್ತು. ಸಾಮಂತರು, ಮಹಾಮಂಡಲೇಶ್ವರರು ಇದನ್ನು ಹೆಸರಿನ ಹಿಂದೆ ಹಾಕಿಕೊಂಡು ಮೆರೆದರು. ಐದು ಮಹಾವಾದ್ಯಗಳನ್ನು ತಮ್ಮ ಮುಂದೆ ನುಡಿಸಿಕೊಳ್ಳುವ ಹಕ್ಕು ಪಡೆದವರು ಅಂತ ಅರ್ಥ. ಆ ಐದು ಯಾವುವು? ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ಹೇಳುವಂತೆ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ. ಎರಡನೆಯದನ್ನು ಮತ್ತೊಂದು ಸಲ ಓದಿ. ತಮ್ಮಟ! ನಮ್ಮ ಅಟ್ಟದ ಮೇಲಿನ ತಮಟೆ! ಕುಮಾರವ್ಯಾಸನ ಯುದ್ಧಗಳಲ್ಲಿ ಮೊಳಗುವ ತಂಬಟವೂ ಇದೇ ಬಳಗದ್ದು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಕೇಳಿಸಿಕೊಂಡವನಿಗೆ ಬಿರುದು ಬಂತು, ಬಡಿದವನ ಹೆಸರು ಯಾವ ಕಲ್ಲಿನ ಮೇಲಿದೆ? ಶಬ್ದ ಮಹಾಶಬ್ದವಾಯಿತು, ಶಬ್ದ ಮಾಡಿದವನು ಅಸ್ಪೃಶ್ಯನಾದ. ಇದನ್ನು ನಮ್ಮ ಚರಿತ್ರೆಯ ಪಠ್ಯಗಳು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಒಂದು ಹೆಸರು ಮಾತ್ರ ಉಳಿದಿದೆ, ಅದೂ ರಾಜರಿಂದಲ್ಲ. ಹನ್ನೆರಡನೇ ಶತಮಾನದ ಶರಣರಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬುವನಿದ್ದ. ಮಾರಿಯನ್ನು ತಲೆಯ ಮೇಲೆ ಹೊತ್ತು ಢಕ್ಕೆ ಬಾರಿಸಿಕೊಂಡು ತಿರುಗುತ್ತಿದ್ದವನು. ಢಕ್ಕೆ ಬೇರೆ ವಾದ್ಯ, ತಮಟೆಯಲ್ಲ. ಆದರೂ ಹಾದಿ ಒಂದೇ. ಅವನು ಶರಣನಾದ, ಕಾಲಾಂತಕ ಭೀಮೇಶ್ವರಲಿಂಗ ಎಂಬ ಅಂಕಿತದಲ್ಲಿ ವಚನ ಬರೆದ. ಮಾರಿಯನ್ನು ಬಿಟ್ಟ, ಊರೂರು ಅಲೆಯೋದನ್ನು ಬಿಟ್ಟ. ಹೆಸರಿನೊಳಗಿನ ಢಕ್ಕೆ ಮಾತ್ರ ಇವತ್ತಿಗೂ ಹೆಸರಲ್ಲೇ ಇದೆ. ವಾದ್ಯ ಕಟ್ಟಿಕೊಂಡೇ ವಚನಕಾರರ ಸಾಲಿನಲ್ಲಿ ಕೂತವನು ಅವನು.

*

ಹಳೇ ಮೈಸೂರಿನ ಹಳ್ಳಿಯಲ್ಲಿ ತಮಟೆ ಬಡಿಯೋದು ಬರೀ ರೂಢಿಯಾಗಿರಲಿಲ್ಲ, ಸರ್ಕಾರದ ಲೆಕ್ಕದಲ್ಲೂ ಇತ್ತು. ಪಟೇಲ, ಶಾನುಭೋಗ ಮೇಲೆ. ತಳವಾರ, ನೀರಗಂಟಿ, ಥೋಟಿ ಕೆಳಗೆ. ಡಂಗುರ ಸಾರೋನು, ಕಂದಾಯದ ಹಣ ಹೊತ್ತೊಯ್ಯೋನು, ಅಮಲ್ದಾರ ಬಂದರೆ ಕುದುರೆಗೆ ಹುಲ್ಲು ತರೋನು ಥೋಟಿ. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಇಷ್ಟು ರಾಗಿ, ಜೊತೆಗೆ ಒಂದು ತುಂಡು ಇನಾಂ ಜಮೀನು. ಕೆಲಸ ಅಪ್ಪನಿಂದ ಮಗನಿಗೆ. ಮಗನಿಗೆ ಬೇಕೋ ಬೇಡವೋ ಕೇಳಿದವರಿಲ್ಲ.

1908ನೇ ಇಸವಿಯಲ್ಲಿ ಎರಡು ಕಾನೂನು ಬಂದವು. ಒಂದು ಬ್ರಿಟಿಷ್ ಇಂಡಿಯಾದ ಸಿವಿಲ್ ಪ್ರೊಸೀಜರ್ ಕೋಡ್. ಅದರ 21ನೇ ಆರ್ಡರ್, 54ನೇ ರೂಲ್ ಪ್ರಕಾರ ಜಮೀನು ಜಪ್ತಿ ಮಾಡಿದರೆ ಆ ಜಾಗದಲ್ಲೋ ಪಕ್ಕದಲ್ಲೋ ತಮಟೆ ಬಡಿದು, ಇಲ್ಲವೆ ರೂಢಿಯ ಬೇರೆ ರೀತಿಯಲ್ಲಿ, ಸಾರಬೇಕು. ಈ ಮಾತು ಇವತ್ತಿಗೂ ಕಾನೂನು ಪುಸ್ತಕದಲ್ಲಿದೆ, ವಕೀಲಿ ಓದುವ ಗೆಳೆಯರು ತೆಗೆದು ನೋಡಬಹುದು. ಯಾರು ಬಡಿಯಬೇಕು ಅಂತ ಮಾತ್ರ ಅಲ್ಲಿಲ್ಲ. ಎರಡನೆಯದು ಮೈಸೂರು ಸಂಸ್ಥಾನದ ಗ್ರಾಮ ಹುದ್ದೆಗಳ ಕಾನೂನು. ಅದು ಹಳ್ಳಿಯ ವಂಶಪಾರಂಪರ್ಯ ಚಾಕರಿಗೆ ಕಾಗದದ ಬಲ ಕೊಟ್ಟಿತು. ತಮಟೆ ಬೇಕು ಅಂತ ಒಂದು ಕಾನೂನು, ಬಡಿಯೋ ವಂಶ ಇದು ಅಂತ ಇನ್ನೊಂದು. ಮನುವಿನ ಪುಸ್ತಕ ಸುಟ್ಟರೂ ಮನು ಎಲ್ಲಿ ಬದುಕುತ್ತಾನೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಬಾಬಾಸಾಹೇಬರು ಇದನ್ನು ಬಹಳ ಮುಂಚೆಯೇ ಕಂಡಿದ್ದರು. ಮುಂಬೈ ಪ್ರಾಂತ್ಯದಲ್ಲಿ ಮಹಾರರಿಗೆ ಇದ್ದ ವತನ ನಮ್ಮ ಥೋಟಿ ಇನಾಮಿನ ಅಣ್ಣ. ತುಂಡು ಭೂಮಿ, ಹಿಡಿ ಕಾಳು, ಹಗಲು ರಾತ್ರಿ ಚಾಕರಿ. 1928ರಲ್ಲಿ ಅವರು ಮುಂಬೈ ವಿಧಾನ ಪರಿಷತ್ತಿನಲ್ಲಿ ಆ ವತನದ ಕಾನೂನು ತಿದ್ದಲು ಮಸೂದೆ ತಂದರು. ನಮ್ಮವರಿಗೆ ಭೂಮಿಯ ಆಸೆ ತೋರಿಸಿ ಸ್ವಾಭಿಮಾನ ಕಸಿಯುವ ಗಂಟು ಇದು ಎಂದು ಅವರು ಗುರುತಿಸಿದ್ದರು.

ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾನೂನು ಬಂದದ್ದು 1961ರಲ್ಲಿ, ಜಾರಿಯಾದದ್ದು 1963ರ ಫೆಬ್ರವರಿ 1ಕ್ಕೆ. ಹುದ್ದೆ ಹೋಯಿತು. ಇನಾಂ ಭೂಮಿ ಸರ್ಕಾರಕ್ಕೆ ಸೇರಿ, ಹುದ್ದೆಯಲ್ಲಿದ್ದವರು ಹಣ ಕಟ್ಟಿದರೆ ಅವರಿಗೇ ಮರುಮಂಜೂರು ಆಗಬೇಕಿತ್ತು. ನನ್ನ ಮುತ್ತಾತ ಥೋಟಿ. ಕೆರೆ ಹಿಂದೆ ಅವನಿಗೆ ಒಂದು ತುಂಡು ಇತ್ತು. ಕಾನೂನು ಬಂತು ಅಂತ ಊರಿಗೆಲ್ಲಾ ಸಾರು ಹಾಕುತ್ತಿದ್ದವನಿಗೆ ಈ ಕಾನೂನನ್ನು ಯಾರೂ ಸಾರಿ ಹೇಳಲಿಲ್ಲ. ಆಮೇಲೆ ಹೇಗೋ ಕಾಗದವಾಯಿತು. ತಾತನ ಕಾಲಕ್ಕೆ ಒಂದು ಮದುವೆ, ಒಂದು ಕಾಯಿಲೆ, ಒಂದು ಹೆಬ್ಬೆಟ್ಟು. ಜಮೀನು ಹೋಯಿತು. ಈಗ ಅಲ್ಲಿ ಬಡಾವಣೆಯ ಕಲ್ಲುಗಳಿವೆ. ಸೈಟಿನ ಅಡಿ ಲೆಕ್ಕದ ಬೆಲೆ ಕೇಳಿ ತಾತ ನಗುತ್ತಾನೆ. ಆ ನಗು ನೋಡಲು ಆಗಲ್ಲ.

ಇಲ್ಲೊಂದು ವಿಷಯ ನಮ್ಮ ಕಾರ್ಯಕರ್ತರು ತಿಳಿದಿರಬೇಕು. 1978ರಲ್ಲಿ ಎರಡು ಕೆಲಸವಾದವು. ಗ್ರಾಮ ಹುದ್ದೆಗಳ ಕಾನೂನಿಗೆ ತಿದ್ದುಪಡಿ ಬಂದು ಮರುಮಂಜೂರಾದ ಭೂಮಿಯನ್ನು 15 ವರ್ಷ ಪರಭಾರೆ ಮಾಡಬಾರದು ಎಂದಾಯಿತು. ಅದೇ ವರ್ಷ ಪರಿಶಿಷ್ಟರ ಭೂಮಿಯ ಪರಭಾರೆ ತಡೆಯುವ, ನಾವು ಪಿಟಿಸಿಎಲ್ ಅನ್ನುವ ಕಾನೂನು ಬಂತು. ಎಷ್ಟೋ ದಲಿತ ಕುಟುಂಬಗಳಿಗೆ ಕಳೆದ ಭೂಮಿ ವಾಪಸು ಕೊಡಿಸಿದ ಕಾನೂನು ಅದು. ಆದರೆ ಅದರಲ್ಲಿ ಮಂಜೂರಾದ ಭೂಮಿ ಅಂದರೇನು ಎಂದು ಹೇಳುವ ಕಡೆ ಒಂದು ಸಣ್ಣ ಮಾತಿದೆ. ಇನಾಂ ರದ್ದತಿಯಲ್ಲಿ ಬಂದ ಭೂಮಿ ಸೇರುತ್ತದೆ, ವಂಶಪಾರಂಪರ್ಯ ಹುದ್ದೆಗೆ ಸಂಬಂಧಿಸಿದ್ದು ಬಿಟ್ಟು. ಬಿಟ್ಟು! ತಮಟೆ ಬಡಿದು, ಕುದುರೆಗೆ ಹುಲ್ಲು ಹೊತ್ತು ಪಡೆದ ಭೂಮಿಯೇ ಆ ರಕ್ಷಣೆಯಿಂದ ಹೊರಗೆ. 15 ವರ್ಷ ಮುಗಿದಮೇಲೆ ಅದನ್ನು ಕಾಯುವವರು ಯಾರೂ ಇಲ್ಲ. 2023ರಲ್ಲಿ ಅರ್ಜಿ ಹಾಕಲು ಕಾಲಮಿತಿ ಅಡ್ಡಿಯಾಗಬಾರದು ಎಂದು ಪಿಟಿಸಿಎಲ್ ಕಾನೂನಿಗೆ ತಿದ್ದುಪಡಿ ಬಂತು, ಒಳ್ಳೆಯದೇ. ಈ ಸಣ್ಣ ಮಾತನ್ನು ಮಾತ್ರ ಅದು ಮುಟ್ಟಲಿಲ್ಲ.

*

ಎಪ್ಪತ್ತರ ದಶಕದಲ್ಲಿ ನಾಡಿನ ದಲಿತರು ಎದ್ದರು. 1973ರ ಬೂಸಾ ಗಲಾಟೆ, ಬಸವಲಿಂಗಪ್ಪನವರು, ಆಮೇಲೆ ಬಿ. ಕೃಷ್ಣಪ್ಪನವರ ಮುಂದಾಳುತನದ ದಲಿತ ಸಂಘರ್ಷ ಸಮಿತಿ, 1979ರ ಬಂಡಾಯ ಸಾಹಿತ್ಯ ಸಂಘಟನೆ. ಹಳ್ಳಿಗಳಲ್ಲಿ ಮೂರು ಮಾತು ಕೇಳಿಬಂತು: ಸತ್ತ ದನ ಹೊರಲ್ಲ, ಬಿಟ್ಟಿ ಮಾಡಲ್ಲ, ತಮಟೆ ಬಡಿಯಲ್ಲ. ಅಪ್ಪ ಹೇಳುವ ಕತೆ ಹತ್ತಿರದ ಒಂದು ಊರಿನದು. ಜಾತ್ರೆಗೆ ಬಡಿಯಲು ಬರಲ್ಲ ಎಂದು ಕೇರಿಯವರು ಹೇಳಿಕಳಿಸಿದರು. ಮಾರನೇ ದಿನದಿಂದ ಕೂಲಿಗೆ ಕರೆಯಲಿಲ್ಲ. ಅಂಗಡಿಯಲ್ಲಿ ಬೆಂಕಿಪೊಟ್ಟಣ ಕೊಡಲಿಲ್ಲ. ಹೊಲದ ಬದುವಿನ ಮೇಲೆ ನಡೆಯಲು ಬಿಡಲಿಲ್ಲ. ಕೇರಿಯ ಹೆಂಗಸರು ಹರದಾರಿ ದೂರ ಹೋಗಿ ಕೂಲಿ ಮಾಡಿ ಬಂದು ಮಕ್ಕಳನ್ನು ಸಾಕಿದರು. ಒಂದು ಚರ್ಮದ ತುಂಡು ಸುಮ್ಮನಾದದ್ದಕ್ಕೆ ಇಡೀ ಊರಿಗೆ ಇಷ್ಟು ಸಿಟ್ಟು ಯಾಕೆ? ಜಾತ್ರೆಗೆ ಸದ್ದು ಬೇಕಿದ್ದರೆ ಬ್ಯಾಂಡ್‌ಸೆಟ್ ತರಿಸಬಹುದಿತ್ತು. ಊರಿಗೆ ಬೇಕಿದ್ದುದು ನಮ್ಮ ತಲೆ ಬಗ್ಗಿರೋದು. ತಮಟೆ ಅದಕ್ಕೆ ನೆಪ.

ಅದೇ ಕಾಲದಲ್ಲಿ ಅದೇ ತಮಟೆ ಹೋರಾಟದ ಮೆರವಣಿಗೆಯಲ್ಲೂ, ಬೀದಿ ನಾಟಕದಲ್ಲೂ, ಕ್ರಾಂತಿಗೀತೆಯ ಪಕ್ಕದಲ್ಲೂ ಮೊಳಗಿತು. ಕೆಲವರು ಮುರಿದು ಹಾಕಿ ಅಂದರು, ಕೆಲವರು ತಿರುಗಿಸಿ ಹಿಡಿಯಿರಿ ಅಂದರು. ಈ ಜಗಳ ನಮ್ಮ ಮನೆಯಲ್ಲೂ ಮುಗಿದಿಲ್ಲ.

ಇದಕ್ಕೆ ಉತ್ತರ ಹುಡುಕುತ್ತಾ ನಾನು ಅಮೆರಿಕದ ಕರಿಯರ ಚರಿತ್ರೆ ಓದಿದೆ. 1739ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೆರೊಲಿನದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದು ಡೋಲು ಬಡಿಯುತ್ತಾ ಹೊರಟರು, ದಾರಿಯುದ್ದಕ್ಕೂ ಜನ ಸೇರಿದರು. ದಂಗೆಯನ್ನು ಅಡಗಿಸಿದ ಬಿಳಿಯರು 1740ರ ಗುಲಾಮ ಕಾನೂನಿನಲ್ಲಿ ಅವರಿಗೆ ಡೋಲನ್ನೇ ನಿಷೇಧಿಸಿದರು. ಡೋಲು ಒಬ್ಬರನ್ನೊಬ್ಬರು ಕರೆಯುತ್ತದೆ ಎಂಬ ಭಯ ಅವರಿಗೆ. ಅಲ್ಲಿ ಬಡಿಯಬೇಡ ಅಂದರು, ಇಲ್ಲಿ ಬಡಿಯಲೇಬೇಕು ಅಂದರು. ಎರಡು ಕಡೆಯೂ ಯಾವಾಗ ಬಡಿಯಬೇಕು ಅನ್ನೋ ತೀರ್ಮಾನ ಒಡೆಯನದು. ನನಗೆ ಆಗ ಅಪ್ಪನ ಮಾತು ಅರ್ಥವಾಯಿತು. ನಾವು ಕೇಳಬೇಕಾದದ್ದು ಆ ತೀರ್ಮಾನವನ್ನು.

ಈಗ ತಮಟೆಗೆ ಮರ್ಯಾದೆ ಬಂದಿದೆ ಅಂತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಮ್ಮ ಸೀಮೆಯ ಕೈಗೆ ದೆಹಲಿಯಲ್ಲಿ ಸಂದ ಗೌರವ, ಅವತ್ತು ನಮ್ಮ ಕೇರಿಯಲ್ಲಿ ಹಬ್ಬ. ಹೆಣ್ಣುಮಕ್ಕಳು ತಮಟೆ ಹಿಡಿದು ವೇದಿಕೆ ಏರುತ್ತಿದ್ದಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಆದಿಮದಲ್ಲಿ ಹುಣ್ಣಿಮೆ ರಾತ್ರಿ ನಮ್ಮ ಹಾಡುಗಳಿಗೆ ಜಾಗ ಸಿಕ್ಕಿದೆ. ಇದೆಲ್ಲಾ ದೊಡ್ಡದು. ಆದರೆ ವೇದಿಕೆಯ ಮೇಲೆ ಕಲಾವಿದರೇ ಅಂತ ಕರೆದವರು ಊರಲ್ಲಿ ಸಾವಾದಾಗ ಫೋನು ಮಾಡಿ "ಏಯ್, ನಾಲ್ಕು ಜನ ಬನ್ರೋ" ಅಂತಾರೆ. ಹೆಂಡ ಕುಡಿಸಿ ಕೂಲಿಯಲ್ಲಿ ಮುರಿದುಕೊಳ್ಳುತ್ತಾರೆ. ಊಟಕ್ಕೆ ಕೊನೇ ಪಂಕ್ತಿ, ಅದೂ ಹೊರಗೆ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ, ದೌರ್ಜನ್ಯ ತಡೆ ಕಾನೂನು ಅದನ್ನು ಅಪರಾಧ ಅಂದಿದೆ. ಕಾನೂನಿಗೆ ಗೊತ್ತಿರುವುದು ಊರಿಗೆ ಗೊತ್ತಾಗಬೇಕಾದರೆ ನಾವೇ ಸಾರು ಹಾಕಬೇಕು.

ನಮ್ಮೊಳಗೂ ಒಂದು ಮಾತಿದೆ. ಎಡಗೈ ಬಲಗೈ ಅಂತ ನಮ್ಮನ್ನು ಒಡೆದರು. ಪಾಲು ಕೇಳುವುದು ನ್ಯಾಯ. ಒಳಮೀಸಲಾತಿ ಕೊಡಬಹುದು ಎಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ಹೇಳಿತು. ಪಾಲು ಕೇಳುತ್ತಾ ಮಾತು ಬಿಡಬಾರದು. ಕಡ್ಡಿ ಹಿಡಿದ ಎಡಗೈ, ಕೋಲು ಹಿಡಿದ ಬಲಗೈ, ಒಂದು ಸುಮ್ಮನಾದರೆ ತಮಟೆ ನುಡಿಯಲ್ಲ. ಇದು ತಾತನ ಮೂರನೇ ಪಾಠ.

*

ಆ ವಾರ್ಷಿಕೋತ್ಸವಕ್ಕೆ ನಾನು ನಾಲ್ಕು ಜನರನ್ನು ಕರೆದುಕೊಂಡು ಹೋಗಲಿಲ್ಲ. ನಾನೊಬ್ಬನೇ ಹೋದೆ. ಕವಿತೆ ಓದಿದೆ. ಓದುವ ಮುಂಚೆ ತಮಟೆ ಹೆಗಲಿಗೆ ಹಾಕಿಕೊಂಡು ಡಂಗುರದ ವರಸೆ ಬಡಿದು ಫಕ್ಕನೆ ನಿಲ್ಲಿಸಿದೆ. ಸಭೆ ಸುಮ್ಮನಾಯಿತು, ಸಾರು ಹಾಕುವಾಗ ಊರು ಸುಮ್ಮನಾಗುವ ಹಾಗೆ. ಆ ಮೌನದೊಳಗೆ ನಮ್ಮ ಮುತ್ತಾತ ಬೇರೆಯವರ ಸುದ್ದಿ ಕೂಗುತ್ತಿದ್ದ. ನಾನು ನನ್ನ ಸುದ್ದಿ ಹೇಳಿದೆ.

ಗೆಳೆಯರೆ, ನನ್ನ ಕೋರಿಕೆ ಮೂರು. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಊರಿನ ಕೇರಿಯಲ್ಲಿ ವರಸೆ ಬಲ್ಲ ಮುದುಕರು ಇದ್ದರೆ ಅವರನ್ನು ಶಾಲೆಯ ಒಳಗೆ ಕರೆದು ಕುರ್ಚಿ ಹಾಕಿ ಕೂರಿಸಿ. ಎಲ್ಲಾ ಜಾತಿಯ ಮಕ್ಕಳ ಕೈಗೂ ಕೋಲು ಕೊಡಿ, ಚರ್ಮ ಮುಟ್ಟಲಿ. ವಿದ್ಯಾರ್ಥಿಗಳೇ, ಕಲಿತು ಆಮೇಲೆ ಬೇಕು ಬೇಡ ಹೇಳಿ. ದುಡ್ಡು ಮಾತಾಡಿ, ಒಳಗೆ ಕೂರಿಸಿ ಊಟ ಹಾಕುವ ಕಡೆಗೆ ಹೋಗಿ. ಏಯ್ ಅಂದ ಕಡೆಗೆ ಹೋಗಬೇಡಿ. ಕಾರ್ಯಕರ್ತರೇ, ನಿಮ್ಮ ಹೋಬಳಿಯ ಹಳೆಯ ಪಹಣಿ, ಇನಾಂ ದಾಖಲೆಗಳಲ್ಲಿ ಥೋಟಿ ಇನಾಂ ಅಂತ ಬರೆದ ಸರ್ವೆ ನಂಬರುಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಟ್ಟಿ ಮಾಡಿ. ಯಾರ ಹೆಸರಲ್ಲಿತ್ತು, ಯಾವಾಗ ಹೋಯಿತು, ಈಗ ಯಾರ ಹೆಸರಲ್ಲಿದೆ. ಆ ಪಟ್ಟಿ ಹಿಡಿದು ಆ ಸಣ್ಣ "ಬಿಟ್ಟು" ಎಂಬ ಮಾತನ್ನು ಕಾನೂನಿನಿಂದ ತೆಗೆಸಬೇಕು.

ನಮ್ಮ ಅಟ್ಟದ ಬಳೆಗೆ ತಾತ ಹೊಸ ಚರ್ಮ ಕಟ್ಟಿದ್ದಾನೆ. ಅನುಗೊಂಡನಹಳ್ಳಿಯಲ್ಲಿ ಆ ಪಟ್ಟಿ ಮಾಡುವ ಕೆಲಸ ಶುರುವಾಗಿದೆ. ಪಟ್ಟಿ ಮುಗಿದ ದಿನ ಊರ ಮಧ್ಯದಲ್ಲಿ ನಿಂತು ಸಾರು ಹಾಕುತ್ತೇವೆ. ಬನ್ನಿ.